ಸಂಜೆಗೆ ಮುದ್ರೆ, ಬೆಳಗ್ಗೆ ಬಿಡುಗಡೆ: ಎಲೆಯೊಳಗಿನ ಸಾರಜನಕದ ಕಿಣ್ವ

ನಮ್ಮ ಮನೆಯ ಗ್ಯಾಲರಿಯಲ್ಲಿ ಆರು ಕುಂಡಗಳಿವೆ. ಡೊಂಬಿವಲಿಯ ಮೂರನೆಯ ಮಹಡಿಯ ಗ್ಯಾಲರಿಗೆ ಅದಕ್ಕಿಂತ ಹೆಚ್ಚಿನದನ್ನು ಹೊರುವ ಶಕ್ತಿ ಇಲ್ಲ. ಎರಡರಲ್ಲಿ ತುಳಸಿ ಮತ್ತು ದೊಡ್ಡಪತ್ರೆ; ಮಿಕ್ಕ ನಾಲ್ಕರಲ್ಲಿ ಋತುಮಾನಕ್ಕೆ ತಕ್ಕಂತೆ ಮೆಂತ್ಯ, ಹರಿವೆ, ಪಾಲಕ್. ಕಳೆದ ಚಳಿಗಾಲದಲ್ಲಿ ಮಗಳು ಏಳು ತಿಂಗಳ ಮಗುವಿನೊಡನೆ ತವರಿಗೆ ಬಂದಿದ್ದಳು. ಒಂದು ಸಂಜೆ ಬ್ಯಾಂಕಿನಿಂದ ಹಿಂತಿರುಗಿದ ನಾವು ಕೂಸಿಗೆ ನಾಲ್ಕೆಲೆ ಪಾಲಕ್ ಬೇಯಿಸಿ ಕೊಡೋಣವೆಂದು ಟಾರ್ಚ್ ಹಿಡಿದು ಗ್ಯಾಲರಿಗೆ ಹೊರಟೆವು. ಒಳಗಿನಿಂದ ತಾಯಿಯವರ ಧ್ವನಿ ಬಂದಿತು: "ದೀಪ ಹಚ್ಚಿ ಆಯಿತು. ಇನ್ನು ಗಿಡ ಮುಟ್ಟಬೇಡ, ಮಲಗಿರುತ್ತವೆ."

ಮರುದಿನ ಮಕ್ಕಳ ವೈದ್ಯರಲ್ಲಿಗೆ ಹೋದಾಗ ಅವರದು ಇನ್ನೊಂದು ನಿಷೇಧ. ಮಗುವಿಗೆ ಆರು ತಿಂಗಳು ಕಳೆದಿರುವುದರಿಂದ ಪಾಲಕ್ ಕೊಡಲು ಅಡ್ಡಿಯಿಲ್ಲ. ಆದರೆ ಬೇಯಿಸಿದೊಡನೆ ಉಣಿಸಬೇಕು, ರಾತ್ರಿ ಅರೆದಿಟ್ಟದ್ದನ್ನು ಬೆಳಗ್ಗೆ ಬಿಸಿ ಮಾಡಿ ಕೊಡಕೂಡದು ಎಂದರು. ಕಾರಣ ಕೇಳಿದ್ದಕ್ಕೆ 'ನೈಟ್ರೇಟ್' ಎಂಬ ಒಂದೇ ಶಬ್ದವನ್ನು ಹೇಳಿ ಮುಂದಿನ ಕೂಸನ್ನು ಒಳಗೆ ಕರೆದರು. ಹೀಗೆ ಒಂದೇ ಸೊಪ್ಪಿನ ಮೇಲೆ ಎರಡು ದಿನಗಳಲ್ಲಿ ಎರಡು ನಿಷೇಧಗಳು ಬಿದ್ದವು. ಮೊಮ್ಮಗುವಿನ ಬಾಯಿಗೆ ಹೋಗುವ ವಸ್ತುವಾದ್ದರಿಂದ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ನಾವು ಇತಿಹಾಸದಲ್ಲಿ ಪದವಿ ಪಡೆದು ಮೂವತ್ತು ವರ್ಷಗಳನ್ನು ಬ್ಯಾಂಕಿನ ಲೆಡ್ಜರುಗಳಲ್ಲಿ ಕಳೆದವರು, ರಸಾಯನಶಾಸ್ತ್ರವನ್ನು ಎಸ್.ಎಸ್.ಎಲ್.ಸಿ.ಯಲ್ಲಿಯೇ ಕೈಮುಗಿದು ಬೀಳ್ಕೊಟ್ಟಿದ್ದೆವು. ಪುಣೆಯಲ್ಲಿ ಸಸ್ಯಶಾಸ್ತ್ರ ಬೋಧಿಸಿ ನಿವೃತ್ತರಾದ ಮಿತ್ರರೊಬ್ಬರ ಸಹಾಯದಿಂದ ಒಂದಷ್ಟು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ. ತಾಯಿಯವರ ಮಾತಿಗೂ ವೈದ್ಯರ ಮಾತಿಗೂ ನಡುವೆ ಒಂದು ಕಿಣ್ವವಿದೆ. ಅದು ಪ್ರತಿ ಸಂಜೆ ಮುಚ್ಚಿಕೊಂಡು ಪ್ರತಿ ಬೆಳಗ್ಗೆ ತೆರೆದುಕೊಳ್ಳುತ್ತದೆ. ಅದರ ಕತೆಯೇ ಈ ಲೇಖನ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡಕ್ಕೆ ಅದು ಗಾಜಿನ ಪೆಟ್ಟಿಗೆಯೊಳಗಿನ ಹಣದಂತೆ. ಕಾಣುತ್ತದೆ, ಕೈಗೆ ಬಾರದು. ಬಹುಪಾಲು ಸಸ್ಯಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ನೈಟ್ರೇಟ್ ಎಂಬ ಲವಣದ ರೂಪದಲ್ಲಿ ಬೇರಿನ ಮೂಲಕ ಹೀರಿಕೊಳ್ಳುತ್ತವೆ. ಗೊಬ್ಬರವಾಗಲಿ, ಯೂರಿಯಾ ಆಗಲಿ, ಮಣ್ಣಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಹಾದು ಹೆಚ್ಚಾಗಿ ಈ ರೂಪಕ್ಕೇ ಬಂದು ನಿಲ್ಲುತ್ತದೆ. ಆದರೆ ನೈಟ್ರೇಟನ್ನು ಇದ್ದಂತೆಯೇ ಪ್ರೋಟೀನಿಗೆ ಸೇರಿಸಲು ಬರುವುದಿಲ್ಲ. ಮೊದಲು ಅದು ನೈಟ್ರೈಟ್ ಆಗಬೇಕು, ಆಮೇಲೆ ಅಮೋನಿಯಾ ಆಗಬೇಕು, ಅನಂತರವೇ ಗ್ಲುಟಮಿನ್ ಮೊದಲಾದ ಅಮೈನೋ ಆಮ್ಲಗಳಲ್ಲಿ ಅದಕ್ಕೆ ಸ್ಥಾನ. ನೈಟ್ರೇಟ್, ನೈಟ್ರೈಟ್ ಎಂಬ ಈ ಎರಡು ಹೆಸರುಗಳು ಕೇಳಲು ಅವಳಿಗಳಂತಿದ್ದರೂ ಸ್ವಭಾವದಲ್ಲಿ ಬಹಳ ಬೇರೆ. ನೈಟ್ರೇಟ್ ಸಾಧು, ಎಲೆ ಅದನ್ನು ಜೀವಕೋಶದ ನೀರಿನ ಚೀಲದಲ್ಲಿ ರಾಶಿಗಟ್ಟಲೆ ತುಂಬಿಟ್ಟುಕೊಳ್ಳಬಲ್ಲದು. ನೈಟ್ರೈಟ್ ಗಿಡಕ್ಕೂ ವಿಷ, ನಮಗೂ ಕೇಡು. ಓದುಗರು ಈ ಭೇದವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಈ ಕೆಲಸ ಎಲೆಯಲ್ಲಿ ಎರಡು ಕೌಂಟರುಗಳಲ್ಲಿ ನಡೆಯುತ್ತದೆ. ಮೊದಲನೆಯ ಕೌಂಟರು ಜೀವಕೋಶದ ರಸದಲ್ಲಿದೆ. ಅಲ್ಲಿ ಕೂತಿರುವ ಕಿಣ್ವದ ಹೆಸರು ನೈಟ್ರೇಟ್ ರಿಡಕ್ಟೇಸ್. ಅದು ನೈಟ್ರೇಟಿಗೆ ಎರಡು ಎಲೆಕ್ಟ್ರಾನುಗಳನ್ನು ಕೊಟ್ಟು ನೈಟ್ರೈಟನ್ನಾಗಿ ಮಾಡುತ್ತದೆ. ಎರಡನೆಯ ಕೌಂಟರು ಹಸಿರು ಹರಿತ್ತುಕಣದ ಒಳಗಿದೆ. ಅಲ್ಲಿ ನೈಟ್ರೈಟ್ ರಿಡಕ್ಟೇಸ್ ಎಂಬ ಮತ್ತೊಂದು ಕಿಣ್ವ ಇನ್ನೂ ಆರು ಎಲೆಕ್ಟ್ರಾನುಗಳನ್ನು ಸೇರಿಸಿ ಅಮೋನಿಯಾ ಮಾಡುತ್ತದೆ. ತೊಡಕು ಇರುವುದು ಇಲ್ಲಿ. ಎಲೆಯಲ್ಲಿ ಎರಡನೆಯ ಕೌಂಟರಿಗೆ ಬೇಕಾದ ಎಲೆಕ್ಟ್ರಾನುಗಳು ಮುಖ್ಯವಾಗಿ ಬಿಸಿಲಿನಿಂದಲೇ ಬರುತ್ತವೆ; ಸೂರ್ಯ ಮುಳುಗಿದರೆ ಅಲ್ಲಿ ಕೆಲಸ ಬಹುತೇಕ ಬಂದ್. ಮೊದಲನೆಯ ಕೌಂಟರಿಗೆ ಆ ನಿರ್ಬಂಧವಿಲ್ಲ. ಅದರ ಇಂಧನ ಇರುಳಿನಲ್ಲಿಯೂ ಸಕ್ಕರೆಯ ದಹನದಿಂದ ದೊರೆಯುತ್ತದೆ. ಹಿಂದಿನ ಕೌಂಟರು ಮುಚ್ಚಿದ್ದು ಮುಂದಿನ ಕೌಂಟರು ಮಾತ್ರ ತೆರೆದಿದ್ದರೆ ಏನಾಗುತ್ತದೆಂಬುದು ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ. ಚೆಕ್ಕುಗಳು ಬರುತ್ತಲೇ ಇರುತ್ತವೆ, ಕ್ಲಿಯರಿಂಗ್ ಆಗುವುದಿಲ್ಲ, ಮೇಜಿನ ಮೇಲೆ ರಾಶಿ ಬೀಳುತ್ತದೆ. ಎಲೆಯಲ್ಲಿ ಹಾಗೆ ರಾಶಿ ಬೀಳುವುದು ಕಾಗದವಲ್ಲ, ವಿಷ.

ಆದ್ದರಿಂದ ಕತ್ತಲಾಗುತ್ತಿದ್ದಂತೆ ಮೊದಲನೆಯ ಕೌಂಟರನ್ನು ಮುಚ್ಚಲೇಬೇಕು. ಮುಚ್ಚುವ ವಿಧಾನಗಳು ಎರಡು. ಗುಮಾಸ್ತನನ್ನೇ ಕೆಲಸದಿಂದ ತೆಗೆಯುವುದು ಒಂದು. ಷಟರ್ ಎಳೆದು ಬೀಗ ಹಾಕುವುದು ಇನ್ನೊಂದು. ಗಿಡ ಎರಡನ್ನೂ ಮಾಡುತ್ತದೆ. ಮೊದಲನೆಯದು ನಿಧಾನದ ಕ್ರಮ. ಬೇರಿಗೆ ನೈಟ್ರೇಟ್ ಸಿಕ್ಕಿದ ಸುದ್ದಿಯೇ ಈ ಕಿಣ್ವದ ಜೀನನ್ನು ಎಬ್ಬಿಸುತ್ತದೆ. ಬೆಳಕು, ಸಕ್ಕರೆ ಅದಕ್ಕೆ ಒತ್ತಾಸೆ. ಗ್ಲುಟಮಿನ್ ತುಂಬಿ ಬಂದರೆ ಆ ಜೀನು ತಣ್ಣಗಾಗುತ್ತದೆ. ತಯಾರಾದ ಕಿಣ್ವಕ್ಕೆ ಆಯುಸ್ಸೂ ಕಡಿಮೆ, ಕೆಲವು ಗಂಟೆಗಳು ಮಾತ್ರ. ಹಳೆಯದು ಕರಗುತ್ತ ಹೊಸದು ಹುಟ್ಟುತ್ತ ಇರುತ್ತದೆ. ಆದರೆ ಮೋಡವೊಂದು ಅಡ್ಡ ಬಂದು ಐದು ನಿಮಿಷದಲ್ಲಿ ಹೊರಟುಹೋಗುವ ಸಂದರ್ಭಕ್ಕೆ ಈ ನೇಮಕ ಮತ್ತು ವಜಾದ ಕ್ರಮ ಉಪಯೋಗಕ್ಕೆ ಬಾರದು. ಅದಕ್ಕೆ ಷಟರೇ ಬೇಕು.

ಷಟರಿನ ವಿಚಾರ ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲವೆಂಬುದು ನಮಗೆ ಅತ್ಯಂತ ಸ್ವಾರಸ್ಯವಾಗಿ ಕಂಡಿತು. ಸಸ್ಯಗಳಲ್ಲಿ ಈ ಕಿಣ್ವವನ್ನು ಇವಾನ್ಸ್ ಮತ್ತು ನೇಸನ್ ಎಂಬ ಅಮೆರಿಕದ ವಿಜ್ಞಾನಿಗಳು ಸೋಯಾ ಎಲೆಯ ರಸದಲ್ಲಿ ಗುರುತಿಸಿ ವರದಿ ಮಾಡಿದ್ದು 1953ರಲ್ಲಿ. ಆಮೇಲೆ ಲೋಕದ ನಾನಾ ಪ್ರಯೋಗಾಲಯಗಳಲ್ಲಿ ಎಲೆಗಳನ್ನು ಅರೆದು ಕಿಣ್ವವನ್ನು ಅಳೆದದ್ದೇ ಅಳೆದದ್ದು. ಅರೆಯುವಾಗ ಇಡಿಟಿಎ ಎಂಬ ರಾಸಾಯನಿಕವನ್ನು ಬೆರೆಸುವುದು ರೂಢಿ. ಅದು ಲೋಹದ ಅಯಾನುಗಳನ್ನು ಹಿಡಿದು ಕಟ್ಟಿಹಾಕುತ್ತದೆ, ಕಿಣ್ವ ಕೆಡದಂತೆ ಕಾಯುತ್ತದೆ. ಒಳ್ಳೆಯ ಉದ್ದೇಶವೇ. ಆದರೆ ಹೀಗೆ ಕಟ್ಟಿಹಾಕಿದ ಲೋಹಗಳಲ್ಲಿ ಮೆಗ್ನೀಸಿಯಮ್ ಕೂಡ ಒಂದು. ಬೀಗ ಬಿಗಿಯಾಗಿ ಕೂರಬೇಕಾದರೆ ಮೆಗ್ನೀಸಿಯಮ್ಮಿನಂಥ ಅಯಾನು ಇರಲೇಬೇಕು! ಅಂದರೆ ಎಲೆಯಲ್ಲಿ ಬೀಗ ಬಿದ್ದಿದ್ದರೂ, ಅಳೆಯಲು ತಂದ ಕ್ಷಣದಲ್ಲಿ ನಾವೇ ಅದನ್ನು ಸಡಿಲಿಸಿ, "ಬೀಗವೇ ಇಲ್ಲವಲ್ಲ" ಎಂದು ಬರೆದುಕೊಂಡಂತೆ. ಜರ್ಮನಿಯ ವುರ್ಟ್ಸ್‌ಬರ್ಗ್‌ನ ವರ್ನರ್ ಕೈಸರ್ ಮತ್ತು ಸಂಗಡಿಗರು 1989ರಿಂದೀಚೆಗೆ ಪಾಲಕ್ ಎಲೆಗಳ ಮೇಲೆ ಕೆಲಸ ಮಾಡುತ್ತ, ಮೆಗ್ನೀಸಿಯಮ್ ಇಟ್ಟು ಒಮ್ಮೆ, ಕಳೆದು ಒಮ್ಮೆ ಅಳೆದಾಗ ಗುಟ್ಟು ರಟ್ಟಾಯಿತು. ಬೆಳಕಿನಲ್ಲಿದ್ದ ಎಲೆಯಲ್ಲಿ ಎರಡು ಅಳತೆಗಳಿಗೂ ಹೆಚ್ಚು ಅಂತರವಿಲ್ಲ. ಕತ್ತಲಲ್ಲಿದ್ದ ಎಲೆಯಲ್ಲಿ ಅಜಗಜಾಂತರ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಖಾತೆಯಲ್ಲಿ ಶಿಲ್ಕು ಅಷ್ಟೇ ಇದೆ, ಆದರೆ ತೆಗೆಯಲು ಬಾರದಂತೆ ತಡೆ ಹಾಕಲಾಗಿದೆ. ಇವತ್ತಿಗೂ ಈ ಎರಡು ಅಳತೆಗಳ ಅನುಪಾತವನ್ನೇ ಕಿಣ್ವ ಎಷ್ಟು ಎಚ್ಚರವಾಗಿದೆ ಎಂಬುದರ ಲೆಕ್ಕವಾಗಿ ಬಳಸುತ್ತಾರೆ. ಒಳ್ಳೆಯ ಬಿಸಿಲಿನಲ್ಲಿ ಅದು ನೂರಕ್ಕೆ 70ರಿಂದ 90ರಷ್ಟು, ಇರುಳಿನಲ್ಲಿ 10ರಿಂದ 30ರ ಆಸುಪಾಸು. ಪೂರ್ತಿ ಸೊನ್ನೆಯಾಗುವುದಿಲ್ಲ, ಕಾವಲುಗಾರ ಎಲ್ಲೋ ಒಂದು ಕಿಟಕಿಯನ್ನು ಓರೆ ಮಾಡಿಟ್ಟಂತೆ.

ಇನ್ನು ಬೀಗದ ರಚನೆ. ಈ ಕಿಣ್ವ ಸುಮಾರು 900 ಅಮೈನೋ ಆಮ್ಲಗಳ ಸರಪಳಿ. ಅಂಥ ಎರಡು ಸರಪಳಿಗಳು ಜೋಡಿಯಾಗಿರುತ್ತವೆ. ಪ್ರತಿಯೊಂದರಲ್ಲಿಯೂ ಮೂರು ಕೋಣೆಗಳು. ಮೊದಲನೆಯದು ಇಂಧನದಿಂದ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ, ನಡುವಿನದು ಕಬ್ಬಿಣದ ಅಣುವಿರುವ ಕೋಣೆ, ಕೊನೆಯದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ. ನೈಟ್ರೇಟಿಗೆ ಎಲೆಕ್ಟ್ರಾನನ್ನು ಹಸ್ತಾಂತರಿಸುವುದು ಆ ಲೋಹವೇ. (ಮಣ್ಣಿನಲ್ಲಿ ಮಾಲಿಬ್ಡಿನಮ್ ಕೊರೆಯಾದರೆ ಹೂಕೋಸಿನ ಎಲೆಗಳು ಅಗಲವಾಗದೆ ನಡುನರವಷ್ಟೇ ಉಳಿದು ಚಾಟಿಯಂತಾಗುತ್ತವೆ. ಎಕರೆಗೆ ಚಿಟಿಕೆಯಷ್ಟು ಬೇಕಾದ ಲೋಹದ ಕೊರತೆಯಿಂದ ಇಡೀ ಬೆಳೆ ಹೋಗುವುದುಂಟು.) ನಡುವಿನ ಕೋಣೆಗೂ ಕೊನೆಯ ಕೋಣೆಗೂ ಮಧ್ಯೆ ಬಾಗಿಲ ಬಿಜಾಗರಿಯಂಥ ಒಂದು ತುಂಡು ಇದೆ. ಎಲೆಕ್ಟ್ರಾನು ದಾಟಬೇಕಾದರೆ ಈ ಬಿಜಾಗರಿ ಅಲ್ಲಾಡಬೇಕು. ಬೀಗ ಬೀಳುವುದು ಸರಿಯಾಗಿ ಇಲ್ಲಿಯೇ.

ಬ್ಯಾಂಕಿನ ಲಾಕರನ್ನು ತೆರೆಯಲು ಎರಡು ಕೀಲಿಕೈಗಳು ಬೇಕೆಂಬುದು ಎಲ್ಲರೂ ಬಲ್ಲ ಸಂಗತಿ. ಒಂದು ಗ್ರಾಹಕರದು, ಇನ್ನೊಂದು ಬ್ಯಾಂಕಿನದು. ಈ ಕಿಣ್ವವನ್ನು ಮುಚ್ಚಲು ಎರಡು ಬೇಕು. ಮೊದಲನೆಯದು ಫಾಸ್ಫೇಟ್. ಕತ್ತಲಾದಾಗ ಕೈನೇಸ್ ಎಂಬ ಬೇರೆ ಜಾತಿಯ ಕಿಣ್ವಗಳು ಬಂದು ಬಿಜಾಗರಿಯಲ್ಲಿರುವ ಸೆರಿನ್ ಎಂಬ ಅಮೈನೋ ಆಮ್ಲದ ಮೇಲೆ ಒಂದು ಫಾಸ್ಫೇಟನ್ನು ಅಂಟಿಸುತ್ತವೆ. ಪಾಲಕ್‌ನಲ್ಲಿ ಸರಪಳಿಯ 543ನೆಯ ಸ್ಥಾನದ ಸೆರಿನ್ ಅದು. ಆದರೆ ಫಾಸ್ಫೇಟ್ ಒಂದೇ ಅಂಟಿದರೆ ಕಿಣ್ವ ನಿಲ್ಲುವುದಿಲ್ಲ, ಕೆಲಸ ಮಾಡುತ್ತಲೇ ಇರುತ್ತದೆ. ಫಾಸ್ಫೇಟ್ ಕೇವಲ ಗುರುತು, ಬೀಗ ಹಾಕಬೇಕಾದ ಬಾಗಿಲಿಗೆ ಸುಣ್ಣದ ಗೆರೆ ಎಳೆದಂತೆ. ಆ ಗುರುತನ್ನು ನೋಡಿ ಇನ್ನೊಂದು ಪ್ರೋಟೀನು ಬಂದು, ಮೆಗ್ನೀಸಿಯಮ್ಮಿನ ಸಹಾಯದಿಂದ ಬಿಜಾಗರಿಯನ್ನು ಅಪ್ಪಿ ಹಿಡಿದಾಗ ಮಾತ್ರ ಎಲೆಕ್ಟ್ರಾನುಗಳ ದಾರಿ ಬಂದಾಗುತ್ತದೆ.

ಈ ಎರಡನೆಯ ಪ್ರೋಟೀನು ಯಾವುದೆಂಬುದು ಕೆಲವು ವರ್ಷ ಒಗಟಾಗಿತ್ತು. ಅಮೆರಿಕದ ಸ್ಟೀವನ್ ಹ್ಯೂಬರ್ ಅವರ ಗುಂಪೂ ಸ್ಕಾಟ್ಲೆಂಡಿನ ಡಂಡಿಯಲ್ಲಿದ್ದ ಕ್ಯಾರಲ್ ಮ್ಯಾಕಿಂಟಾಷ್ ಅವರ ಗುಂಪೂ 1992ರ ಹೊತ್ತಿಗೆ ಫಾಸ್ಫೇಟಿನ ಪಾತ್ರವನ್ನು ಖಚಿತಪಡಿಸಿದ್ದವು. 1996ರಲ್ಲಿ ಆ ಎರಡನೆಯ ಕೀಲಿಯೂ ಸಿಕ್ಕಿತು. ಅದು '14-3-3' ಎಂಬ ವಿಚಿತ್ರ ಹೆಸರಿನ ಪ್ರೋಟೀನು. ಈ ಹೆಸರಿನಲ್ಲಿ ಯಾವ ಗೂಢಾರ್ಥವೂ ಇಲ್ಲ. 1967ರಲ್ಲಿ ಮೂರ್ ಮತ್ತು ಪೆರೆಜ್ ಎಂಬವರು ದನದ ಮೆದುಳಿನ ಪ್ರೋಟೀನುಗಳನ್ನು ಬೇರ್ಪಡಿಸಿ, ಬಂದ ಕ್ರಮದಲ್ಲಿ ಅಂಕಿಗಳನ್ನು ಹಾಕುತ್ತ ಹೋದರು. ಇದರ ಪಾಲಿಗೆ ಬಂದ ಅಂಕಿ ಇದು. ಫೈಲಿಗೆ ಹಾಕಿದ ನಂಬರೇ ಮನುಷ್ಯನ ಹೆಸರಾಗಿಬಿಡುವ ಪ್ರಸಂಗ ಕಚೇರಿಗಳಲ್ಲಿ ನಾವು ಕಾಣದ್ದೇನಲ್ಲ. ಮೆದುಳಿನಲ್ಲಿ ಹೇರಳವಾಗಿರುವ ಈ ಪ್ರೋಟೀನಿನ ದಾಯಾದಿಗಳು ಎಲೆಯಲ್ಲಿಯೂ ಇವೆ, ನಮ್ಮ ತಲೆಯೊಳಗೂ ಇವೆ. ಕೆಲವು ಅಪರೂಪದ ಮೆದುಳು ರೋಗಗಳಲ್ಲಿ ಬೆನ್ನುಹುರಿಯ ದ್ರವದಲ್ಲಿ ಇದನ್ನು ಹುಡುಕುವ ಪರೀಕ್ಷೆಯೂ ಉಂಟು. ಪಾಲಕ್ ಎಲೆ ಸಂಜೆಗೆ ತನ್ನ ಕೌಂಟರು ಮುಚ್ಚಲು ಬಳಸುವ ಬೀಗವೂ ನಮ್ಮ ಮಿದುಳಿನಲ್ಲಿ ನೂರು ಕೆಲಸಗಳಿಗೆ ಬಳಕೆಯಾಗುವ ಬೀಗವೂ ಒಂದೇ ಮನೆತನದ್ದೆಂಬುದನ್ನು ಓದಿದ ರಾತ್ರಿ ನಮಗೆ ಬೇಗ ನಿದ್ರೆ ಹತ್ತಲಿಲ್ಲ.

ತೆರೆಯುವ ಕೆಲಸ ಇದಕ್ಕಿಂತ ಸರಳ. ಬೆಳಗಾದ ಮೇಲೆ ಫಾಸ್ಫಟೇಸ್ ಎಂಬ ವರ್ಗದ ಕಿಣ್ವ ಬಂದು ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಗುರುತು ಅಳಿಯಿತೆಂದರೆ 14-3-3ಕ್ಕೆ ಹಿಡಿತವಿಲ್ಲ. ಕಳಚಿಕೊಳ್ಳುತ್ತದೆ, ಬಿಜಾಗರಿ ಮತ್ತೆ ಆಡುತ್ತದೆ. ಕಿಣ್ವ ಒಂದಿಷ್ಟೂ ಕೆಟ್ಟಿರುವುದಿಲ್ಲ, ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಸಮುದ್ರದ ಸ್ಪಂಜಿನಲ್ಲಿ ಮೊದಲು ದೊರೆತ ಓಕಡೇಯಿಕ್ ಆಮ್ಲವೆಂಬ ವಸ್ತು ಈ ಫಾಸ್ಫಟೇಸನ್ನು ತಡೆಯುತ್ತದೆ. ಅದನ್ನು ಎಲೆಗೆ ಕುಡಿಸಿದರೆ ಎಷ್ಟು ಬೆಳಕು ಬಿಟ್ಟರೂ ಬೀಗ ತೆರೆಯುವುದಿಲ್ಲ. ತೆರೆಯುವವನು ಯಾರೆಂಬುದು ತಿಳಿದದ್ದು ಹೀಗೆಯೇ. ಮುಚ್ಚುವುದೂ ತೆರೆಯುವುದೂ ನಿಮಿಷಗಳ ಲೆಕ್ಕದ ಕೆಲಸ.

ಹಾಗಾದರೆ ಎಲೆಗೆ ಬೆಳಗಾಯಿತೆಂದು ಹೇಳುವವರು ಯಾರು? ಬೆಳಕೇ ಎಂದು ನಾವೂ ಎಣಿಸಿದ್ದೆವು. ಅದು ಅಷ್ಟು ಸರಿಯಲ್ಲ. ಕೈಸರ್ ಅವರು ಪಾಲಕ್ ಎಲೆಯನ್ನು ಪ್ರಖರ ಬೆಳಕಿನಲ್ಲಿಯೇ ಇಟ್ಟು ಸುತ್ತಲಿನ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದುನೋಡಿದರು. ಬೆಳಕು ಇದ್ದಂತೆಯೇ ಇತ್ತು, ಆದರೂ ಬೀಗ ಬಿತ್ತು. ಡೈಆಕ್ಸೈಡ್ ಇಲ್ಲದಿದ್ದರೆ ಎಲೆ ಸಕ್ಕರೆ ಮಾಡಲಾರದು; ಸಕ್ಕರೆ ಇಲ್ಲದಿದ್ದರೆ ಅಮೋನಿಯಾವನ್ನು ಅಂಟಿಸಿಕೊಳ್ಳಲು ಇಂಗಾಲದ ಬೆನ್ನೆಲುಬು ಇರುವುದಿಲ್ಲ. ಗಿಡ ಕೇಳುವ ಪ್ರಶ್ನೆ "ಬೆಳಕಿದೆಯೇ" ಎಂಬುದಲ್ಲ, "ಮನೆಯಲ್ಲಿ ಅಡುಗೆ ನಡೆದಿದೆಯೇ" ಎಂಬುದು. ಅಡುಗೆ ನಡೆದಿದ್ದರೆ ಮಾತ್ರ ಸಾರಜನಕದ ಕೌಂಟರು ತೆರೆಯುತ್ತದೆ. ನೀರಿಲ್ಲದೆ ಬಾಡುತ್ತಿರುವ ಗಿಡ ನಡುಮಧ್ಯಾಹ್ನದಲ್ಲಿಯೂ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದಷ್ಟೆ. ಆಗಲೂ ಈ ಬೀಗ ಬೀಳುತ್ತದೆ. ಕೈನೇಸ್‌ಗಳ ಮೇಲೆ ಕೋಶದ ಕ್ಯಾಲ್ಸಿಯಮ್ಮಿನ ಪ್ರಭಾವವೂ ಸಕ್ಕರೆಯ ಫಾಸ್ಫೇಟುಗಳ ಪ್ರಭಾವವೂ ಇದೆಯೆಂದು ಓದಿದೆವು. ಆ ಜಾಲ ದೊಡ್ಡದು, ಇಲ್ಲಿ ಬಿಡಿಸಲು ಹೋಗುವುದಿಲ್ಲ. ಒಂದು ವಿಪರ್ಯಾಸವನ್ನು ಮಾತ್ರ ಹೇಳಬೇಕು. ಕುಂಡದಲ್ಲಿ ನೀರು ನಿಂತು ಬೇರುಗಳಿಗೆ ಉಸಿರು ಕಟ್ಟಿದಾಗ ಬೇರಿನಲ್ಲಿರುವ ಇದೇ ಕಿಣ್ವ ಮುಚ್ಚುವುದರ ಬದಲು ತೆರೆದುಕೊಳ್ಳುತ್ತದೆ. 1997ರಲ್ಲಿ ಬಾರ್ಲಿ ಬೇರುಗಳ ಮೇಲೆ ನಡೆದ ಕೆಲಸದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಆಮ್ಲಜನಕವಿಲ್ಲದ ಕಷ್ಟಕಾಲದಲ್ಲಿ ಬೇರು ತನ್ನ ಎಲೆಕ್ಟ್ರಾನುಗಳನ್ನು ನೈಟ್ರೇಟಿನ ಮೇಲಾದರೂ ಇಳಿಸಿ ಹೇಗೋ ಜೀವ ಹಿಡಿಯುತ್ತದೆ.

ಬೀಗವೇ ಇಲ್ಲದಿದ್ದರೆ ಏನಾದೀತು? ವಿಜ್ಞಾನಿಗಳು ಅದನ್ನೂ ಮಾಡಿ ನೋಡಿದ್ದಾರೆ. ತಂಬಾಕಿನ ಕಿಣ್ವದಲ್ಲಿ ಈ ಸೆರಿನ್ 521ನೆಯ ಸ್ಥಾನದಲ್ಲಿದೆ. ಅದನ್ನು ಬದಲಾಯಿಸಿ, ಗುರುತು ಹಾಕಲು ಜಾಗವೇ ಇಲ್ಲದಂತೆ ಮಾಡಿದ ಗಿಡಗಳನ್ನು ನಾರ್ವೆ ಮತ್ತು ಫ್ರಾನ್ಸಿನ ಸಂಶೋಧಕರು ಬೆಳೆಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಂಥ ಗಿಡಗಳ ಎಲೆ ಮತ್ತು ಬೇರುಗಳಿಂದ ನೈಟ್ರೈಟ್ ಹೆಚ್ಚಾಗಿ ಹೊರಬಿತ್ತು, ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೂ ಹೊರಬಿತ್ತು. ಮೇಜಿನ ಮೇಲಿನ ಚೆಕ್ಕುಗಳ ರಾಶಿಯೆಂದೆವಲ್ಲ, ಅದು ಕಣ್ಣೆದುರಿಗೇ ಕಂಡಿತು. ಆದರೆ 2006ರಲ್ಲಿ ಅವರೇ ಇನ್ನೊಂದು ಮುಖವನ್ನೂ ತೋರಿಸಿದರು. ಬೀಗ ತೆಗೆದ ಗಿಡಗಳ ಎಲೆಯಲ್ಲಿ ಸಂಗ್ರಹವಾದ ನೈಟ್ರೇಟ್ ಬಹಳ ಕಡಿಮೆಯಿತ್ತು, ಅಮೈನೋ ಆಮ್ಲಗಳು ಹೆಚ್ಚಿದ್ದವು. ಎಲೆಯಲ್ಲಿ ನೈಟ್ರೇಟ್ ಎಷ್ಟು ಉಳಿಯುತ್ತದೆಂಬುದನ್ನು ಜೀನಿನ ಸದ್ದಿಗಿಂತ ಈ ಬೀಗವೇ ಹೆಚ್ಚಾಗಿ ನಿರ್ಧರಿಸುತ್ತದೆಂಬುದು ಅವರ ತೀರ್ಮಾನ.

ಇಲ್ಲಿಂದ ನಮ್ಮ ಅಡುಗೆಮನೆ ದೂರವಿಲ್ಲ. ಇರುಳೆಲ್ಲ ಬೇರು ನೈಟ್ರೇಟನ್ನು ಹೀರುತ್ತಲೇ ಇರುತ್ತದೆ, ಎಲೆಯ ಕೌಂಟರು ಮುಚ್ಚಿರುತ್ತದೆ. ಹೀಗಾಗಿ ನಸುಕಿನ ಎಲೆಯಲ್ಲಿ ನೈಟ್ರೇಟಿನ ಶಿಲ್ಕು ಹೆಚ್ಚು. ಹಗಲೆಲ್ಲ ಕೆಲಸ ನಡೆದ ಮೇಲೆ ಇಳಿಹೊತ್ತಿನ ಎಲೆಯಲ್ಲಿ ಅದು ಕಡಿಮೆ. ಪಾಲಕ್‌ನಂಥ ಸೊಪ್ಪುಗಳನ್ನು ಮಧ್ಯಾಹ್ನದ ಮೇಲೆ ಕೊಯ್ಯುವುದು ಲೇಸೆಂದು ಬೆಳೆಗಾರರಿಗೆ ಹೇಳುವುದು ಇದೇ ಕಾರಣಕ್ಕೆ. ಬೆಳಕು ಸಾಲದ ಋತುವಿನಲ್ಲಿಯೂ ಹೀಗೆಯೇ. ಐರೋಪ್ಯ ಒಕ್ಕೂಟದ 2011ರ ನಿಯಮದಲ್ಲಿ ತಾಜಾ ಪಾಲಕ್‌ಗೆ ಕಿಲೋ ಒಂದಕ್ಕೆ 3500 ಮಿಲಿಗ್ರಾಂ ನೈಟ್ರೇಟಿನ ಮಿತಿ ಇದೆ. ಅದೇ ನಿಯಮದಲ್ಲಿ ಹೊದಿಕೆಯಡಿ ಬೆಳೆದ ಲೆಟ್ಯೂಸ್ ಸೊಪ್ಪಿಗೆ ಬೇಸಗೆಯಲ್ಲಿ 4000, ಚಳಿಗಾಲದಲ್ಲಿ 5000. ಚಳಿಗಾಲಕ್ಕೆ ರಿಯಾಯಿತಿ ಏಕೆಂದರೆ ಅಲ್ಲಿನ ಮಂಕು ಬೆಳಕಿನಲ್ಲಿ ಅದಕ್ಕಿಂತ ಕಡಿಮೆಗೆ ಇಳಿಸುವುದು ಗಿಡದ ಕೈಯಲ್ಲಿಲ್ಲ. ನಮ್ಮ ಮುಂಬಯಿಯ ಗ್ಯಾಲರಿಗಳಿಗೆ ಚಳಿಗಾಲ ಚಿಂತೆಯಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮೋಡವೂ ಎದುರಿನ ಕಟ್ಟಡದ ನೆರಳೂ ಸೇರಿ ಅದೇ ಸ್ಥಿತಿಯನ್ನು ತರುತ್ತವೆ. ಅಂಥ ಕುಂಡಕ್ಕೆ ಇನ್ನಷ್ಟು ಯೂರಿಯಾ ಸುರಿಯುವುದು ಮುಚ್ಚಿದ ಕೌಂಟರಿನೆದುರು ಸಾಲನ್ನು ಉದ್ದ ಮಾಡಿದಂತೆ.

ಇಲ್ಲೊಂದು ತಿದ್ದುಪಡಿ ಅಗತ್ಯ. ಇಂಗ್ಲಿಷಿನ ಸ್ಪಿನಾಚನ್ನು ಕನ್ನಡ ಬರಹಗಳಲ್ಲಿ ಅನೇಕರು 'ಬಸಳೆ' ಎಂದು ಬರೆಯುವುದುಂಟು. ಬಸಳೆ ಬೇರೆಯದೇ ಬಳ್ಳಿ. ಅಷ್ಟೇ ಅಲ್ಲ, ನಮ್ಮ ಮಾರುಕಟ್ಟೆಯಲ್ಲಿ ಪಾಲಕ್ ಎಂದು ಮಾರುವುದು ಕೂಡ ಅನೇಕ ವೇಳೆ ವಿದೇಶದ ಸ್ಪಿನಾಚ್ ಅಲ್ಲ, ಬೀಟ್‌ರೂಟಿನ ಹತ್ತಿರದ ಬಂಧು. ಆದರೂ ಎರಡೂ ಒಂದೇ ಕುಲದವು, ಹರಿವೆಯೂ ಅದೇ ಕುಲದ್ದು. ಕಿಣ್ವವೂ ಬೀಗದ ಕ್ರಮವೂ ಹಸಿರು ಸಸ್ಯಗಳಲ್ಲಿ ವ್ಯಾಪಕವಾಗಿ ಒಂದೇ.

ಈಗ ವೈದ್ಯರ ಮಾತು. ಸೊಪ್ಪನ್ನು ಕೊಯ್ದು ಬೇಯಿಸಿದ ಮೇಲೆ ಗಿಡದ ಕಿಣ್ವವೂ ಇಲ್ಲ, ಬೀಗವೂ ಇಲ್ಲ. ಆದರೆ ನೈಟ್ರೇಟ್ ಉಳಿದೇ ಇರುತ್ತದೆ. ಅರೆದ ಸೊಪ್ಪು ಬೆಚ್ಚಗೆ ಹೊರಗೆ ಕೂತರೆ ಅದರಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವುಗಳಲ್ಲಿ ಹಲವಕ್ಕೆ ತಮ್ಮದೇ ನೈಟ್ರೇಟ್ ರಿಡಕ್ಟೇಸ್ ಇದೆ. ಆ ಕಿಣ್ವಕ್ಕೆ ಈ ಬಿಜಾಗರಿಯ ಬೀಗವಿಲ್ಲ, ಸಂಜೆಯ ಮರ್ಯಾದೆಯೂ ಇಲ್ಲ. ರಾತ್ರಿಯೆಲ್ಲ ಅದು ನೈಟ್ರೇಟನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ರಕ್ತಕ್ಕೆ ಹೋದರೆ ಹಿಮೋಗ್ಲೋಬಿನಿನ ಕಬ್ಬಿಣವನ್ನು ಕೆಡಿಸಿ ಅದು ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ದೊಡ್ಡವರ ರಕ್ತ ಇದನ್ನು ಬೇಗ ಸರಿಪಡಿಸಿಕೊಳ್ಳುತ್ತದೆ. ಎಳೆಯ ಕೂಸುಗಳಿಗೆ ಆ ಶಕ್ತಿ ಕಡಿಮೆ, ತುಟಿ ಉಗುರುಗಳು ನೀಲಿಗಟ್ಟುತ್ತವೆ. ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ನೈಟ್ರೇಟ್ ತುಂಬಿದ ಬಾವಿನೀರಿನಿಂದ ಹಸುಳೆಗಳು ಹೀಗೆ ನೀಲಿಗಟ್ಟಿದ್ದನ್ನು 1945ರಲ್ಲಿ ವರದಿ ಮಾಡಿದರು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟಿನ ಮಿತಿ ಇರುವುದರ ಹಿಂದೆ ಈ ಕಾಳಜಿಯೇ ಇದೆ. 1960ರ ದಶಕದಲ್ಲಿ ಜರ್ಮನಿಯಲ್ಲಿ, ಮಾಡಿಟ್ಟ ಪಾಲಕ್ ಮುದ್ದೆಯಿಂದ ಶಿಶುಗಳು ಹೀಗೆ ಕಾಯಿಲೆ ಬಿದ್ದ ಪ್ರಕರಣಗಳು ದಾಖಲಾದವು.

ದೊಡ್ಡವರು ಇದನ್ನೋದಿ ಸೊಪ್ಪು ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ನೈಟ್ರೇಟಿಗೆ ಒಪ್ಪಿರುವ ದಿನದ ಪ್ರಮಾಣ ದೇಹತೂಕದ ಕಿಲೋಗೆ 3.7 ಮಿಲಿಗ್ರಾಂ, ಅರವತ್ತು ಕಿಲೋ ತೂಕದವರಿಗೆ 222 ಮಿಲಿಗ್ರಾಂ. ಸೊಪ್ಪು ಹೆಚ್ಚು ತಿನ್ನುವವರು ಇದನ್ನು ಕೆಲವು ದಿನ ದಾಟುವುದು ಸಾಧ್ಯ. ಆದರೂ ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ 2008ರಲ್ಲಿ ಎಲ್ಲವನ್ನೂ ತೂಗಿ ನೋಡಿ, ತರಕಾರಿಯ ಲಾಭವೇ ಹೆಚ್ಚು ಎಂದಿತು. ಎಂಟು ಕಿಲೋ ಕೂಸಿಗೆ ಅದೇ ಲೆಕ್ಕ ಹಾಕಿದಾಗ ಮಾತ್ರ ನಾವು ಸ್ವಲ್ಪ ಗಂಭೀರರಾದೆವು. ಬರುವುದು ಸುಮಾರು 30 ಮಿಲಿಗ್ರಾಂ. ಮಿತಿಯ ಅಂಚಿನಲ್ಲಿರುವ ಸೊಪ್ಪಾದರೆ ಹತ್ತೇ ಗ್ರಾಮಿನಲ್ಲಿ 35 ಮಿಲಿಗ್ರಾಂ ಇರುತ್ತದೆ. ಇದು ದಿನನಿತ್ಯ ಆಜೀವ ತಿಂದರೆ ಎಂಬ ಲೆಕ್ಕ, ಒಂದು ತುತ್ತಿಗೆ ವಿಷವಾಗುವ ಲೆಕ್ಕವಲ್ಲ. ಆದರೂ ನೀರಿನಲ್ಲಿ ಬೇಯಿಸಿ ಬಸಿದು ಆ ನೀರನ್ನು ಚೆಲ್ಲಿದರೆ ನೈಟ್ರೇಟಿನ ಒಂದು ಪಾಲು ಅದರೊಡನೆ ಹೋಗುತ್ತದೆ. ಬಸ್ಸಾರಿನ ಅಭಿಮಾನಿಗಳಾದ ನಮಗೆ ಕಟ್ಟುನೀರು ಚೆಲ್ಲುವುದು ಸಂಕಟದ ಕೆಲಸ. ಕೂಸಿನ ಪಾಲಿಗೆ ಮಾತ್ರ ಚೆಲ್ಲಿದೆವು.

ಹೊಲದ ಲೆಕ್ಕವೂ ಇದೇ ಕಿಣ್ವಕ್ಕೆ ಬಂದು ಮುಟ್ಟುತ್ತದೆ. ಸುರಿದ ಯೂರಿಯಾದ ಸಾರಜನಕದಲ್ಲಿ ಬೆಳೆಗೆ ದಕ್ಕದ ಭಾಗ ದೊಡ್ಡದು. ಅದು ಬಾವಿಗೆ ಇಳಿಯುತ್ತದೆ ಇಲ್ಲವೇ ಗಾಳಿಗೆ ಏರುತ್ತದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸುಧೀರ್ ಸೋಪೋರಿ ಮತ್ತು ಅವರ ಶಿಷ್ಯವರ್ಗ ಮೆಕ್ಕೆಜೋಳದಲ್ಲಿ ಬೆಳಕು ಈ ಕಿಣ್ವವನ್ನು ಹೇಗೆ ಎಬ್ಬಿಸುತ್ತದೆಂದು 1980ರ ದಶಕದಿಂದಲೇ ಹುಡುಕಿದವರು. ಅಲ್ಲಿಯೇ ಕೆಲಸ ಮಾಡಿದ ಎನ್. ರಘುರಾಮ್ ಅವರು ಮುಂದೆ ಬೆಳೆಗಳ ಸಾರಜನಕ ಬಳಕೆಯ ಸಂಶೋಧನೆಯಲ್ಲಿ ತೊಡಗಿ ಅಂತರರಾಷ್ಟ್ರೀಯ ಸಾರಜನಕ ಸಂಘಟನೆಯ ಅಧ್ಯಕ್ಷರೂ ಆದರು. ಈ ಕಿಣ್ವವನ್ನು ಹೆಚ್ಚಾಗಿ ತಯಾರಿಸುವ ಗಿಡಗಳನ್ನು ಮಾಡಿದರೆ ಗೊಬ್ಬರ ಉಳಿದೀತೆಂದು ಮೊದಮೊದಲು ಅನೇಕರಿಗೆ ಆಸೆಯಿತ್ತು. ಎಲೆಯ ನೈಟ್ರೇಟ್ ಕಡಿಮೆಯಾಯಿತೇ ಹೊರತು ಇಳುವರಿಯಲ್ಲಿ ಆಸೆಪಟ್ಟಷ್ಟು ಏರಿಕೆ ಕಾಣಲಿಲ್ಲ. ನಮಗಿದು ಆಶ್ಚರ್ಯವೆನಿಸಲಿಲ್ಲ, ಒಂದು ಕೌಂಟರಿಗೆ ಇಬ್ಬರು ಗುಮಾಸ್ತರನ್ನು ಕೂರಿಸಿದ ಮಾತ್ರಕ್ಕೆ ಬ್ಯಾಂಕಿನ ವಹಿವಾಟು ಇಮ್ಮಡಿಯಾಗುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ತಾಯಿಯವರ ಬಳಿ ಕುಳಿತು, ಗಿಡ ಮಲಗುವುದು ಒಂದು ರೀತಿಯಲ್ಲಿ ನಿಜವೆಂದು ಹೇಳಿದೆವು. ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತೆಂದು ಸಾಧಿಸುವ ಉಮೇದು ನಮಗಿಲ್ಲ. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದೆಂಬ ಮಾತು ಕತ್ತಲಲ್ಲಿ ಹುಳು ಹುಪ್ಪಡಿ ಕಡಿದೀತೆಂಬ ಭಯದಿಂದಲೂ ಬಂದಿರಬಹುದು. ಅಲ್ಲದೆ ಕಿಣ್ವದ ಲೆಕ್ಕದಂತೆ ದೀಪ ಹಚ್ಚುವ ಹೊತ್ತಿನ ಎಲೆಗಿಂತ ನಸುಕಿನ ಎಲೆಯಲ್ಲೇ ನೈಟ್ರೇಟ್ ಹೆಚ್ಚು. ತಾಯಿಯವರು ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದರೆ ಯಾವಾಗ ಕೊಯ್ಯಬೇಕಂತೆ?" ಎಂದರು. ಇಳಿಹೊತ್ತು ನಾಲ್ಕು ಗಂಟೆಯ ಮೇಲೆ, ದೀಪಕ್ಕೆ ಮುಂಚೆ ಎಂದೆವು. ನಾವು ಬ್ಯಾಂಕಿನಲ್ಲಿರುವ ಹೊತ್ತು ಅದು. ಮಗಳು ಹೊರಡುವವರೆಗೆ ಕೊಯ್ಯುವ ಕೆಲಸವನ್ನು ಅವರೇ ವಹಿಸಿಕೊಂಡರು.